ಅವರ ಕೈಯಲ್ಲಿ ಮಾತ್ರ ಸಿಕ್ಕಿಕೊಳ್ಳುತ್ತಿದ್ದ ಪಿಸ್ತೂಲು

ಪಿಸ್ತೂಲಿಗೆ ವಯಸ್ಸಾಗಿದೆಯೋ ಇಲ್ಲವೋ ಎಂದು ಹೇಳುವುದು ನನ್ನ ಹೊಟ್ಟೆಪಾಡು. ಊರಿಗೆ ಹೋದಾಗ ಯಾರಾದರೂ ಮಸ್ಕತ್ತಿನಲ್ಲಿ ಏನು ಕೆಲಸ ಎಂದು ಕೇಳಿದರೆ ಮೆಕ್ಯಾನಿಕ್ ಎಂದಷ್ಟೇ ಹೇಳಿ ಮಾತು ಬದಲಿಸುತ್ತೇನೆ. ಬಂದೂಕು ಎಂದರೆ ಸಾಕು, ಮದುವೆಮನೆಯಲ್ಲಿ ಊಟಕ್ಕೆ ಕೂತವರೂ ಎಲೆ ಬಿಟ್ಟು ನನ್ನತ್ತ ತಿರುಗುತ್ತಾರೆ. ಅಸಲಿಗೆ ಅದರಲ್ಲಿ ಕಣ್ಣರಳಿಸುವಂಥದ್ದು ಏನೂ ಇಲ್ಲ. ಸೈನ್ಯದಲ್ಲಿದ್ದಾಗ ಆಯುಧ ರಿಪೇರಿ ಕಲಿತೆ, ನಿವೃತ್ತನಾದ ಮೇಲೆ ಇಲ್ಲಿಯ ಒಂದು ಕಂಪನಿ ಕರೆಯಿತು, ಹೆಂಡತಿ ಮಗಳ ಜೊತೆ ಬಂದೆ. ತರಬೇತಿ ಮೈದಾನಗಳಲ್ಲಿ ಹಾರಿಸಿ ಹಾರಿಸಿ ಹಳತಾದ ಪಿಸ್ತೂಲುಗಳು ನನ್ನ ಮೇಜಿಗೆ ಬರುತ್ತವೆ. ಬಿಚ್ಚುತ್ತೇನೆ, ಅಳೆಯುತ್ತೇನೆ, ಇದು ಇನ್ನೂ ನಡೆಯುತ್ತದೆ ಅಥವಾ ಇದು ಸಾಕು ಎಂದು ಬರೆದುಕೊಡುತ್ತೇನೆ. ಮೈಸೂರಿನಲ್ಲಿ ನಮ್ಮ ಬೀದಿಯ ಗಡಿಯಾರ ರಿಪೇರಿಯವರು ಮಾಡುತ್ತಿದ್ದುದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಸದ್ದು ಸ್ವಲ್ಪ ಜಾಸ್ತಿ, ಅಷ್ಟೇ.

ಈ ಕೆಲಸದಲ್ಲಿ ನನಗೆ ಒಂದು ಜಂಬವಿತ್ತು. ದೋಷ ಎಲ್ಲಿದ್ದರೂ ನನ್ನ ಕೈಗೆ ಸಿಕ್ಕೇ ಸಿಗುತ್ತದೆ ಎಂಬ ಜಂಬ. ಅದನ್ನು ಇಳಿಸಿದ್ದು ಒಂದು ಪ್ಲಾಸ್ಟಿಕ್ ಪಿಸ್ತೂಲು.

ಪ್ಲಾಸ್ಟಿಕ್ ಎಂದರೆ ಆಟದ ಸಾಮಾನಲ್ಲ. ಸಿಪಾಯಿಗಳು ಸೊಂಟಕ್ಕೆ ಕಟ್ಟಿಕೊಳ್ಳುವ ಪೂರ್ಣ ಗಾತ್ರದ ಪಿಸ್ತೂಲು ಅದು. ಮೇಲಿನ ಅರ್ಧ ಉಕ್ಕು, ಕೈಯಲ್ಲಿ ಹಿಡಿಯುವ ಕೆಳಗಿನ ಅರ್ಧ ಪಾಲಿಮರ್. ನಾನು ಕೆಲಸ ಕಲಿತದ್ದು ಇಡೀ ಉಕ್ಕಿನ ಪಿಸ್ತೂಲುಗಳ ಮೇಲೆ, ಹಾಗಾಗಿ ಮೊದಮೊದಲು ಇವುಗಳನ್ನು ನೋಡಿ ಮೂಗು ಮುರಿದಿದ್ದೆ. ಆಮೇಲೆ ಬೆವರು, ಉಪ್ಪುಗಾಳಿ, ಮರಳು ಯಾವುದಕ್ಕೂ ಇವು ಜಗ್ಗದ್ದು ನೋಡಿ ಬಾಯಿ ಮುಚ್ಚಿಕೊಂಡೆ. ನನ್ನ ಬಳಿಗೆ ಬಂದದ್ದು ಎಷ್ಟು ಸಾವಿರ ಗುಂಡು ಹಾರಿಸಿತ್ತೋ ಮೈದಾನದವರಿಗೇ ಲೆಕ್ಕ ತಪ್ಪಿತ್ತು. ಅಂಚುಗಳಲ್ಲಿ ಕಪ್ಪು ಬಣ್ಣ ಹೋಗಿ ಬಿಳಿ ಲೋಹ ಕಾಣುತ್ತಿತ್ತು. ಹಿಡಿಯ ಮೇಲಿನ ತರಿತರಿ ಸವೆದು, ದಿನಾ ಮುಟ್ಟುವ ಬಾಗಿಲಿನ ಹಿಡಿಯಂತೆ ನುಣುಪಾಗಿತ್ತು. ಇದರ ಜೊತೆಗೇ ಕೊಂಡ ಇನ್ನೂ ಅನೇಕ ಪಿಸ್ತೂಲುಗಳು ಆ ಮೈದಾನದಲ್ಲಿದ್ದವು. ಎಲ್ಲಕ್ಕಿಂತ ಹೆಚ್ಚು ದುಡಿದದ್ದು ಇದು. ಇದು ನಡೆಯುತ್ತದೆ ಎಂದರೆ ಉಳಿದವೂ ನಡೆಯುತ್ತವೆ, ಇದರ ಆಯುಷ್ಯ ಮುಗಿಯಿತು ಎಂದರೆ ಎಲ್ಲವನ್ನೂ ಬದಲಿಸಬೇಕು. ಅದನ್ನು ನಾನು ಹೇಳಬೇಕಿತ್ತು.

ಪಿಸ್ತೂಲಿನ ಜೊತೆ ಒಂದು ದೂರೂ ಬಂದಿತ್ತು. ಎರಡು ಮೂರು ಗುಂಡು ಹಾರಿದ ಮೇಲೆ ಸಿಕ್ಕಿಕೊಳ್ಳುತ್ತದೆ, ಖಾಲಿ ತೋಟೆ ಹೊರಗೆ ಹಾರದೆ ಅದು ಹೊರಬೀಳುವ ಕಿಂಡಿಯ ಬಾಗಿಲಲ್ಲೇ ನೆಟ್ಟಗೆ ನಿಲ್ಲುತ್ತದೆ ಎಂದು.

ದೂರು ಕೊಟ್ಟವರು ಸಾಮಾನ್ಯರಲ್ಲ. ಮೈದಾನದ ಅತ್ಯಂತ ಹಿರಿಯ ತರಬೇತುದಾರರು. ಅವರನ್ನು ಎಲ್ಲರೂ ಮುದರ್ರಿಬ್ ಎಂದೇ ಕರೆಯುತ್ತಿದ್ದರು. ಅರಬ್ಬಿಯಲ್ಲಿ ಹಾಗೆಂದರೆ ತರಬೇತಿ ಕೊಡುವವರು. ಅವರ ಮನೆತನ ಬಲೂಚಿ, ಹುಟ್ಟಿದ್ದು ಮಸ್ಕತ್ತಿನ ಹಳೇ ಬಂದರು ಮತ್ರಾದ ಗಲ್ಲಿಯಲ್ಲಿ. ಅಲ್ಲಿಯ ಭಾರತದ ವರ್ತಕರ ಅಂಗಡಿಗಳಲ್ಲಿ ಆಡುತ್ತ ಹಿಂದಿ ಕಲಿತವರು, ಹಾಗಾಗಿ ನಮ್ಮಿಬ್ಬರ ಮಾತೆಲ್ಲ ಹಿಂದಿಯಲ್ಲೇ. ನನ್ನನ್ನು ಮುಹಂದಿಸ್, ಅಂದರೆ ಎಂಜಿನಿಯರ್, ಎನ್ನುತ್ತಿದ್ದರು. ನಾನು ಎಂಜಿನಿಯರ್ ಅಲ್ಲ ಎಂದು ಎಷ್ಟೋ ಸಲ ಹೇಳಿ ಕೊನೆಗೆ ಬಿಟ್ಟುಬಿಟ್ಟೆ. ಕೇಳಲು ಹಿತವಾಗಿಯೂ ಇತ್ತು. ಈ ಪಿಸ್ತೂಲು ಮೊದಲ ದಿನದಿಂದಲೂ ಅವರ ಕೈಯದು. ಹೊಸದಾಗಿ ಬಂದ ಪ್ರತಿ ತಂಡಕ್ಕೂ ಅದನ್ನೇ ಹಿಡಿದು ತೋರಿಸಿ ಕಲಿಸಿದವರು ಅವರು. ಇದಕ್ಕೆ ಮುದಿತನ ಬಂದಿದೆ ಮುಹಂದಿಸ್, ನನ್ನ ಹಾಗೆ ಎಂದು ನಗುತ್ತಲೇ ನನ್ನ ಕೈಗೆ ಕೊಟ್ಟಿದ್ದರು. ಅಂಥವರು ಸಿಕ್ಕಿಕೊಳ್ಳುತ್ತದೆ ಎಂದರೆ ಸಿಕ್ಕಿಕೊಳ್ಳುತ್ತದೆ, ಅದರಲ್ಲಿ ಎರಡನೇ ಮಾತಿರಲಿಲ್ಲ.

ಬಿಚ್ಚಿದೆ. ನಳಿಗೆಗೆ ಗೇಜ್ ಹಾಕಿ ನೋಡಿದೆ, ಸವೆತ ಮಿತಿಯೊಳಗೇ ಇತ್ತು. ಖಾಲಿ ತೋಟೆಯನ್ನು ಎಳೆದು ತೆಗೆಯುವ ಪುಟ್ಟ ಕೊಕ್ಕೆಯ ಮೊನೆ ಇನ್ನೂ ಚೂಪಾಗಿತ್ತು. ಪ್ಲಾಸ್ಟಿಕ್ಕಿನ ಮೈಯಲ್ಲಿ ಬಿರುಕು ಇರಬಹುದೆಂದು ಭೂತಗನ್ನಡಿ ಹಿಡಿದು ಕಣ್ಣು ನೋಯುವವರೆಗೆ ಹುಡುಕಿದೆ. ಏನೂ ಇಲ್ಲ. ಸ್ಪ್ರಿಂಗು ಮಾತ್ರ ಸ್ವಲ್ಪ ಸೋತಂತಿತ್ತು. ಸಿಕ್ಕಿತು ಕಳ್ಳ ಎಂದುಕೊಂಡು ಹೊಸದು ಹಾಕಿ ಕಳಿಸಿದೆ. ವಾರ ಕಳೆಯುವುದರೊಳಗೆ ಪಿಸ್ತೂಲು ವಾಪಸ್ಸು ಬಂತು, ಅದೇ ದೂರಿನೊಂದಿಗೆ.

ಮತ್ತೆ ಬಿಚ್ಚಿದೆ. ಕೊಕ್ಕೆ ಚೆನ್ನಾಗಿದ್ದರೂ ಬದಲಿಸಿದೆ, ಗುಂಡು ತುಂಬುವ ಮ್ಯಾಗಜೀನುಗಳನ್ನೂ ಬದಲಿಸಿದೆ. ಮತ್ತೆ ವಾಪಸ್ಸು ಬಂತು. ಆಗ ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಿಲ್ಲ. ನಮ್ಮ ಕಂಪನಿಯ ಸ್ಟೋರ್ ನೋಡಿಕೊಳ್ಳುವವರು ಬಂಟ್ವಾಳ ಕಡೆಯ ಬ್ಯಾರಿ, ವ್ಯಾನ್ ಓಡಿಸಿಕೊಂಡು ಮೈದಾನಕ್ಕೆ ಹೋಗಿಬರುವುದೂ ಅವರೇ. ಮೂರನೆಯ ಸಲ ಪೆಟ್ಟಿಗೆಯನ್ನು ಮೇಜಿನ ಮೇಲಿಡುವಾಗ ಅವರಿಗೂ ತಡೆಯಲಾಗಲಿಲ್ಲ.

"ಎಂತ ಸರ್ ಇದು? ನೀವು ನೋಡುವಾಗ ಎಂತದೂ ಇರುದಿಲ್ಲ, ಅಲ್ಲಿಗೆ ಮುಟ್ಟಿದ ಕೂಡ್ಲೆ ಜಾಮ್. ನಮ್ಮ ಮಕ್ಕಳ ಜ್ವರದ ಹಾಗೆ ಉಂಟು, ಡಾಕ್ಟ್ರ ಎದುರು ಮಾತ್ರ ಇರುದಿಲ್ಲ."

ನಾನು ಅವರ ಮೇಲೆ ರೇಗಿದೆ. ಆದರೆ ಅವರು ಹೇಳಿದ್ದು ಸರಿಯೇ ಇತ್ತು. ಖುರುಮ್‌ನ ಆಫೀಸಿನಿಂದ ಮ್ಯಾನೇಜರು ದಿನಕ್ಕೊಂದು ಸಲ ಫೋನು ಮಾಡಿ, ಫಿಟ್ಟೋ ಅನ್‌ಫಿಟ್ಟೋ ಒಂದು ಮಾತು ಹೇಳಿಬಿಡಿ ಎನ್ನುತ್ತಿದ್ದರು. ಅನ್‌ಫಿಟ್ ಎಂದರೆ ಹೊಸ ಪಿಸ್ತೂಲುಗಳ ಆರ್ಡರು ನಮಗೇ ಬರುತ್ತದೆ ಎಂಬುದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ನನಗೋ ತಲೆ ಕೆಟ್ಟುಹೋಗಿತ್ತು. ಗೇಜು ಸರಿ ಎನ್ನುತ್ತದೆ, ಮುದರ್ರಿಬ್ ಸರಿಯಿಲ್ಲ ಎನ್ನುತ್ತಾರೆ. ಇಬ್ಬರೂ ನನಗೆ ಯಾವತ್ತೂ ಸುಳ್ಳು ಹೇಳಿದವರಲ್ಲ.

ಕೊನೆಗೆ ಸ್ಟೋರಿನವರ ವ್ಯಾನಿನಲ್ಲಿ ನಾನೇ ಮೈದಾನಕ್ಕೆ ಹೋದೆ. ಬಿಸಿಲು ಏರುವ ಮುಂಚೆ ಶುರುಮಾಡೋಣ ಎಂದು ಮುದರ್ರಿಬ್ ಬೇಗ ಬರಹೇಳಿದ್ದರು. ಮೊದಲು ನಾನು ಹಾರಿಸಿದೆ. ಒಂದು ಮ್ಯಾಗಜೀನು ಪೂರ್ತಿ ಖಾಲಿಯಾಯಿತು, ಒಂದು ಸಲವೂ ಸಿಕ್ಕಿಕೊಳ್ಳಲಿಲ್ಲ. ಇನ್ನೊಂದು ಹಾಕಿದೆ, ಅದೂ ಸಲೀಸು. ಖಾಲಿ ತೋಟೆಗಳು ನನ್ನ ಬಲಕ್ಕೆ ಒಂದೇ ಕಡೆ ಹೋಗಿ ಬೀಳುತ್ತಿದ್ದವು. ಆಮೇಲೆ ಮುದರ್ರಿಬ್ ತೆಗೆದುಕೊಂಡರು. ಮೂರನೆಯ ಗುಂಡಿಗೆ ಸಿಕ್ಕಿಕೊಂಡಿತು. ಬಿಡಿಸಿ ಮತ್ತೆ ಹಾರಿಸಿದರು, ಮತ್ತೆ ಸಿಕ್ಕಿಕೊಂಡಿತು. ನನ್ನತ್ತ ನೋಡಿ, ನೋಡಿದೆಯಾ ಎಂಬಂತೆ ಹುಬ್ಬು ಏರಿಸಿದರು.

ಗುಂಡುಗಳ ಡಬ್ಬಿ ಬೇರೆಯಿರಬಹುದು ಎಂದು ನನ್ನ ಡಬ್ಬಿಯದನ್ನೇ ಅವರಿಗೆ ಕೊಟ್ಟೆ. ಸಿಕ್ಕಿಕೊಂಡಿತು. ಅವರ ಮ್ಯಾಗಜೀನನ್ನು ನಾನು ತೆಗೆದುಕೊಂಡೆ. ನನಗೆ ಸರಿಯಾಗಿ ನಡೆಯಿತು. ಅವರು ನಿಂತ ಜಾಗದಲ್ಲಿ ನಾನು, ನಾನು ನಿಂತ ಜಾಗದಲ್ಲಿ ಅವರು ನಿಂತೂ ನೋಡಿದ್ದಾಯಿತು. ಜಾಗಕ್ಕೂ ಪಿಸ್ತೂಲಿಗೂ ಸಂಬಂಧವಿಲ್ಲ, ಆದರೆ ಅಷ್ಟರಲ್ಲಿ ನನ್ನ ಬುದ್ಧಿ ಆ ಮಟ್ಟಕ್ಕೆ ಇಳಿದಿತ್ತು. ಗುರಿಯ ಹಲಗೆಗಳನ್ನು ನೋಡಲು ಹೋದಾಗ ಗೊಂದಲ ಇನ್ನಷ್ಟು ಹೆಚ್ಚಾಯಿತು. ನನ್ನ ಗುಂಡುಗಳು ಅಂಗೈಯಗಲದ ಜಾಗದಲ್ಲಿ ಒಟ್ಟಾಗಿ ಬಿದ್ದಿದ್ದವು, ಅವರವು ಅಲ್ಲೊಂದು ಇಲ್ಲೊಂದು ಚದುರಿದ್ದವು. ನನ್ನಂಥ ಸಾಧಾರಣ ಗುರಿಕಾರ ಮುದರ್ರಿಬ್‌ಗಿಂತ ಚೆನ್ನಾಗಿ ಹೊಡೆದ ಎಂದರೆ ಯಾರೂ ನಂಬುವ ಮಾತಲ್ಲ. ನಾನೂ ನಂಬಲಿಲ್ಲ. ನಳಿಗೆಯಲ್ಲಿ ನನ್ನ ಗೇಜಿಗೆ ಸಿಗದ ಯಾವುದೋ ದೋಷ ಇರಲೇಬೇಕು, ಅದು ಒಮ್ಮೆ ಕಾಣಿಸಿಕೊಂಡು ಒಮ್ಮೆ ಅಡಗುತ್ತಿದೆ ಎಂದೇ ತರ್ಕ ಹೂಡಿದೆ.

ಮುಗಿದ ಮೇಲೆ ಪಕ್ಕದ ಕೋಣೆಯಲ್ಲಿ ಕೂತೆವು. ಅಲ್ಲಿ ಕಹ್ವಾ, ಅಂದರೆ ಅರಬ್ಬಿ ಕಾಫಿ, ಕುಡಿಸದೆ ಯಾರನ್ನೂ ಕಳಿಸುವುದಿಲ್ಲ. ಖರ್ಜೂರದ ತಟ್ಟೆ ಮಧ್ಯೆ, ಸುತ್ತ ನೆಲದ ಮೇಲೆ ನಾವು. ಕೂತವರಲ್ಲಿ ಕಿರಿಯನಾದವನು ಹೂಜಿ ಹಿಡಿದು ಬಗ್ಗಿಸಬೇಕು, ಹಾಗಾಗಿ ಆ ಕೆಲಸ ನಮ್ಮ ಸ್ಟೋರಿನವರ ಪಾಲಿಗೆ ಬಂತು. ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಎರಡು ಗುಟುಕಿನಷ್ಟು ಹಾಕುತ್ತಾರೆ. ಕುಡಿದು ಬಟ್ಟಲನ್ನು ಸುಮ್ಮನೆ ಹಿಂದಕ್ಕೆ ಕೊಟ್ಟರೆ ಮತ್ತೆ ತುಂಬುತ್ತಾರೆ. ಸಾಕು ಎನ್ನುವವನು ಖಾಲಿ ಬಟ್ಟಲನ್ನು ಬೆರಳಲ್ಲಿ ಹಿಡಿದು ಅತ್ತಿತ್ತ ಅಲುಗಿಸಿ ಕೊಡುತ್ತಾನೆ. ಬಾಯಿಬಿಟ್ಟು ಹೇಳುವಂತಿಲ್ಲ. ಇಲ್ಲಿಗೆ ಬಂದ ಹೊಸದರಲ್ಲಿ ಇದು ಗೊತ್ತಿಲ್ಲದೆ ನಾನು ಕೊಟ್ಟಷ್ಟೂ ಕುಡಿದು ಇಡೀ ದಿನ ಹೊಟ್ಟೆ ಉರಿಸಿಕೊಂಡಿದ್ದೆ.

ಮುದರ್ರಿಬ್ ಕಹ್ವಾಪ್ರಿಯರು, ಒಂದೇ ಬಟ್ಟಲಿಗೆ ನಿಲ್ಲಿಸಿದ್ದನ್ನು ನಾನು ಕಂಡಿರಲಿಲ್ಲ. ಆ ದಿನ ಸ್ಟೋರಿನವರು ತುಂಬಿದ ಬಟ್ಟಲನ್ನು ಅವರ ಬಲಗೈಗೆ ಕೊಟ್ಟರು. ಬಟ್ಟಲು ಅಲುಗಿತು. ಕುಡಿಯುವ ಮೊದಲೇ, ತುಂಬಿರುವಾಗಲೇ. ನಾಲ್ಕು ಹನಿ ಅವರ ಬಿಳಿ ನಿಲುವಂಗಿಯ ಮೇಲೆ ಬಿದ್ದವು. ಅವರು ಬಟ್ಟಲನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಬೇಗ ಕುಡಿದು, ಎಡಗೈಯಿಂದ ಹನಿ ಒರೆಸಿ, ಸಾಕು ಎಂಬಂತೆ ಬಟ್ಟಲನ್ನು ಕೆಳಗಿಟ್ಟುಬಿಟ್ಟರು. ನನಗೆ ಏನೋ ಸರಿಯಿಲ್ಲ ಅನ್ನಿಸಿತು. ಏನು ಎಂದು ಹೊಳೆಯಲಿಲ್ಲ. ನಾನು ಪಿಸ್ತೂಲನ್ನೇ ಯೋಚಿಸುತ್ತಿದ್ದೆ, ಮನುಷ್ಯನನ್ನಲ್ಲ.

ಹೊಳೆದದ್ದು ಮನೆಯಲ್ಲಿ. ದಾರ್ಸೈಟ್‌ನ ನಮ್ಮ ಫ್ಲ್ಯಾಟಿನಲ್ಲಿ ಮಗಳ ಓದಿಗೆಂದು ಕೊಂಡ ಹಗುರ ಮೇಜೊಂದಿದೆ, ಅದರ ಡ್ರಾಯರು ಬಿಗಿ. ಹೆಂಡತಿ ಕತ್ತರಿ ತೆಗೆದುಕೊಡಿ ಎಂದಳು. ನಾನು ಪಿಸ್ತೂಲಿನ ಗುಂಗಿನಲ್ಲೇ ಡ್ರಾಯರನ್ನು ಎಳೆದೆ. ಡ್ರಾಯರು ಬರಲಿಲ್ಲ, ಮೇಜೇ ನೆಲದ ಮೇಲೆ ಜಾರಿಕೊಂಡು ನನ್ನತ್ತ ಬಂತು. ಇನ್ನೊಮ್ಮೆ ಎಳೆದೆ, ಇನ್ನೊಂದು ಮೊಳ ಬಂತು.

"ಮೇಜು ಹಿಡ್ಕೊಂಡು ಎಳೀರಿ," ಎಂದಳು. "ಹಿಡ್ಕೊಳ್ದೆ ಎಳೆದ್ರೆ ಅದೂ ನಿಮ್ಮ ಜೊತೆ ಬರುತ್ತೆ ಅಷ್ಟೇ."

ನಾನು ಅಲ್ಲೇ ನಿಂತುಬಿಟ್ಟೆ. ಗುಂಡು ಹಾರಿದಾಗ ಪಿಸ್ತೂಲಿನ ಮೇಲಿನ ಉಕ್ಕಿನ ಭಾಗ ಜೋರಾಗಿ ಹಿಂದಕ್ಕೆ ಜಾರುತ್ತದೆ, ಜಾರುವಾಗ ಖಾಲಿ ತೋಟೆಯನ್ನು ಹೊರಗೆಸೆಯುತ್ತದೆ. ಅದು ಪೂರ್ತಿ ಜಾರಬೇಕಾದರೆ ಕೆಳಗಿನ ಭಾಗವನ್ನು ಕೈ ಅಲ್ಲಾಡದಂತೆ ಹಿಡಿದಿರಬೇಕು. ಕೆಳಗೂ ಉಕ್ಕಿದ್ದರೆ ಅದರ ಭಾರವೇ ಅರ್ಧ ಕೆಲಸ ಮಾಡುತ್ತದೆ. ಹಗುರವಾದ ಪಾಲಿಮರಿನದಕ್ಕೆ ಕೈಯೇ ಗತಿ. ಮಣಿಕಟ್ಟು ಸಡಿಲವಾದರೆ ಇಡೀ ಪಿಸ್ತೂಲು ಹಿಂದಕ್ಕೆ ಬರುತ್ತದೆ, ತೋಟೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಇದು ಹೊಸಬರ ರೋಗ. ಪಿಸ್ತೂಲು ಮುಟ್ಟಿದ ಮೊದಲ ವಾರ ಎಲ್ಲರಿಗೂ ಬರುತ್ತದೆ, ಆಮೇಲೆ ಹೋಗುತ್ತದೆ. ಮಣಿಕಟ್ಟು ಬಿಗಿ ಎಂದು ಆ ಮೈದಾನದಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂಗುತ್ತಿದ್ದವರೇ ಮುದರ್ರಿಬ್. ಅವರ ಮಣಿಕಟ್ಟನ್ನು ಅನುಮಾನಿಸುವುದು ನನಗಿರಲಿ, ಅಲ್ಲಿ ಯಾರ ತಲೆಗೂ ಬರಲು ಸಾಧ್ಯವಿರಲಿಲ್ಲ. ಈಗ ಅವರ ಕೈಯಲ್ಲಿ ಅಲುಗಿದ ಕಹ್ವಾ ಬಟ್ಟಲು ನೆನಪಾಯಿತು.

ಮರುದಿನ ಅನುಮತಿ ಪಡೆದು ಒಬ್ಬನೇ ಮೈದಾನದ ಕೊನೆಯ ಸಾಲಿನಲ್ಲಿ ನಿಂತೆ. ಬೇಕೆಂದೇ ಮಣಿಕಟ್ಟನ್ನು ಸಡಿಲ ಬಿಟ್ಟು ಹಾರಿಸಿದೆ. ಸಿಕ್ಕಿಕೊಳ್ಳದಿರಲಿ ಎಂದು ಮನಸ್ಸು ಬೇಡುತ್ತಿತ್ತು. ಎರಡನೆಯ ಗುಂಡಿಗೇ ಸಿಕ್ಕಿಕೊಂಡಿತು, ಖಾಲಿ ತೋಟೆ ಬಾಗಿಲಲ್ಲಿ ನೆಟ್ಟಗೆ ನಿಂತಿತ್ತು. ಇಷ್ಟು ದಿನ ಹುಡುಕಿದ ದೋಷ ಸಿಕ್ಕಿದ್ದಕ್ಕೆ ಖುಷಿಯಾಗಬೇಕಿತ್ತು. ಸಂಕಟವಾಯಿತು.

ಪಿಸ್ತೂಲಿನ ಪ್ರಶ್ನೆ ಅಲ್ಲಿಗೆ ಮುಗಿದಿತ್ತು, ಆದರೆ ನನ್ನ ಗೊಂದಲ ಶುರುವಾದದ್ದೇ ಆಮೇಲೆ. ಆ ಮೈದಾನದಲ್ಲಿ ಕಲಿಸುವವರೂ ಆಗಾಗ ಎಲ್ಲರೆದುರು ಗುಂಡು ಹಾರಿಸಿ ತಮ್ಮ ಕೈ ಸರಿಯಿದೆ ಎಂದು ತೋರಿಸಬೇಕು, ತಪ್ಪಿದವರು ಮನೆಗೆ. ಮುದರ್ರಿಬ್ ಸರದಿ ಹತ್ತಿರವಿತ್ತು. ಪಿಸ್ತೂಲು ಸರಿಯಿದೆ ಎಂದು ಬರೆದರೆ, ಹಾಗಾದರೆ ಅವರ ಕೈಯಲ್ಲಿ ಯಾಕೆ ಸಿಕ್ಕಿಕೊಳ್ಳುತ್ತದೆ ಎಂಬ ಪ್ರಶ್ನೆ ಆ ದಿನವೇ ಏಳುತ್ತದೆ. ಪಿಸ್ತೂಲು ಮುಗಿದಿದೆ ಎಂದು ಬರೆದರೆ ಎಲ್ಲರಿಗೂ ಸಂತೋಷ. ಕಂಪನಿಗೆ ಆರ್ಡರು, ಮೈದಾನಕ್ಕೆ ಹೊಸ ಪಿಸ್ತೂಲು, ಮುದರ್ರಿಬ್‌ಗೆ ಇನ್ನು ಕೆಲವು ತಿಂಗಳು. ಸುಳ್ಳು ಎಲ್ಲರಿಗೂ ಬೇಕಾಗಿತ್ತು. ನಿಜ ಯಾರಿಗೂ ಬೇಕಿರಲಿಲ್ಲ, ನನಗೂ. ಆದರೆ ಕೈ ನಡುಗುವ ಮನುಷ್ಯ ಗುಂಡು ತುಂಬಿದ ಪಿಸ್ತೂಲು ಹಿಡಿದು ಹೊಸಬರ ನಡುವೆ ನಿಲ್ಲುವುದು? ಬೆಳಿಗ್ಗೆ ಒಂದು ನಿರ್ಧಾರ, ಮಧ್ಯಾಹ್ನ ಇನ್ನೊಂದು. ಹೆಂಡತಿಗೆ ಹೇಳಿದರೆ, ಮೊದಲು ಅವರಿಗೇ ಹೇಳಿ, ಆಮೇಲೆ ಕಾಗದಕ್ಕೆ ಹೇಳಿ ಎಂದಳು. ಅದು ನನಗೆ ಯಾಕೆ ತೋಚಿರಲಿಲ್ಲವೋ.

ಹೋದೆ. ತರಬೇತಿಗೆ ಬಂದ ಹುಡುಗರೆಲ್ಲ ಊಟಕ್ಕೆ ಹೋಗಿದ್ದರು, ಮೈದಾನ ಖಾಲಿಯಿತ್ತು. ಮುದರ್ರಿಬ್ ನೆರಳಿನಲ್ಲಿ ಕೂತಿದ್ದರು. ಹೇಗೆ ಶುರುಮಾಡಬೇಕು ಎಂದು ತಿಳಿಯದೆ ಸ್ಪ್ರಿಂಗಿನಿಂದ ಶುರುಮಾಡಿದೆ, ಕೊಕ್ಕೆಗೆ ಬಂದೆ, ನಳಿಗೆಗೆ ಹೋದೆ. ಎಲ್ಲ ಸರಿಯಿದೆ ಎಂದು ಹೇಳುತ್ತ ಹೋದಂತೆ ನನ್ನ ದನಿ ಇಳಿಯುತ್ತ ಹೋಯಿತು. ಅವರು ಕೊನೆಯವರೆಗೂ ಕೇಳಿದರು. ನಾನು ಮಣಿಕಟ್ಟು ಎಂಬ ಮಾತನ್ನು ಎತ್ತಲೇ ಇಲ್ಲ. ಎತ್ತುವ ಮೊದಲೇ ಅವರು ತಮ್ಮ ಬಲಗೈಯನ್ನು ಮೊಣಕಾಲಿನ ಮೇಲಿನಿಂದ ತೆಗೆದು ನನ್ನ ಮುಂದೆ ಚಾಚಿದರು. ಬೆರಳುಗಳು ತಮ್ಮಷ್ಟಕ್ಕೆ ತಾವು ಅಲುಗುತ್ತಿದ್ದವು.

"ಮತ್ತೆ ಮತ್ತೆ ನಿನ್ನ ಹತ್ತಿರ ಯಾಕೆ ಕಳಿಸಿದೆ ಗೊತ್ತಾ ಮುಹಂದಿಸ್? ಏನಾದರೂ ಸಿಗಲಿ ಅಂತ. ಒಂದು ಬಿರುಕು, ಒಂದು ಸವೆದ ತುಂಡು. ಏನಾದರೂ."

ಡಾಕ್ಟರ ಹತ್ತಿರ ಹೋಗಿದ್ದೀರಾ ಎಂದು ಕೇಳಿದೆ. ಹೋಗಿದ್ದರಂತೆ, ಔಷಧಿಯೂ ನಡೆಯುತ್ತಿತ್ತಂತೆ. ಡಾಕ್ಟರು ಹೇಳಿದ್ದನ್ನು ಮನೆಯಲ್ಲೂ ಹೇಳಿರಲಿಲ್ಲ. ಪಿಸ್ತೂಲಿನಲ್ಲೇ ತಪ್ಪು ಸಿಕ್ಕರೆ ಡಾಕ್ಟರೂ ತಪ್ಪಿರಬಹುದು ಎಂದು ಲೆಕ್ಕ ಹಾಕಿದ್ದರು. ಅದನ್ನು ಹೇಳುವಾಗ ಅವರಿಗೇ ನಗು ಬಂತು. ನಾನು ನಗಲಾರದೆ, ಜೊತೆಗೆ ತಂದಿದ್ದ ಪಿಸ್ತೂಲಿನ ಪೆಟ್ಟಿಗೆಯ ಬೀಗ ನೋಡುತ್ತ ಕೂತೆ.

ಮುದರ್ರಿಬ್ ಎದ್ದರು. ಪಿಸ್ತೂಲು ಕೊಡು ಎಂದರು. ನಾನು ಹಿಂಜರಿದೆ. ಹೆದರಬೇಡ, ನೀನೂ ಜೊತೆಗೆ ಬಾ ಎಂದರು. ಒಂದು ಮ್ಯಾಗಜೀನು ತುಂಬಿಸಿಕೊಂಡು ಹಲಗೆಯ ಎದುರು ನಿಂತರು. ಕಿವಿಗೆ ಮುಚ್ಚಳ ಹಾಕಿಕೊಳ್ಳುವ ಮೊದಲು, ಹಿಂದೆ ನಿಂತು ನನ್ನ ಮಣಿಕಟ್ಟು ಹಿಡಿದುಕೋ, ಗಟ್ಟಿಯಾಗಿ ಎಂದರು. ನಾನು ಹಿಂದಿನಿಂದ ತೋಳು ಚಾಚಿ ಎರಡೂ ಕೈಯಿಂದ ಹಿಡಿದೆ. ನಡುಕ ನನ್ನ ಅಂಗೈಗೆ ತಾಗಿತು. ಒತ್ತಿ ಹಿಡಿದೆ.

ಹಾರಿಸಿದರು. ತೋಟೆ ಬಲಕ್ಕೆ ಹಾರಿ ಬಿತ್ತು. ಇನ್ನೊಂದು, ಮತ್ತೊಂದು. ಪ್ರತಿ ಸಲವೂ ಇದೊಂದು ಸಿಕ್ಕಿಕೊಳ್ಳಲಿ ದೇವರೇ ಎಂದು ಬೇಡುತ್ತಿದ್ದೆ, ಅದೇ ಉಸಿರಿನಲ್ಲಿ ಬೇಡ, ಸಿಕ್ಕಿಕೊಳ್ಳದಿರಲಿ ಎಂದೂ ಬೇಡುತ್ತಿದ್ದೆ. ಯಾವುದನ್ನು ನಿಜವಾಗಿ ಬೇಡಿದೆನೋ ನನಗೆ ಇವತ್ತಿಗೂ ಗೊತ್ತಿಲ್ಲ. ಒಂದೂ ಸಿಕ್ಕಿಕೊಳ್ಳಲಿಲ್ಲ. ಕೊನೆಯ ಗುಂಡು ಹೋಗಿ ಪಿಸ್ತೂಲು ಬಾಯಿ ತೆರೆದು ನಿಂತಿತು. ದೂರದ ಹಲಗೆಯಲ್ಲಿ ತೂತುಗಳೆಲ್ಲ ಮಧ್ಯದಲ್ಲೇ ಒತ್ತಾಗಿ ಇದ್ದವು. ಕಣ್ಣು, ಗುರಿ, ಕಲಿತ ವಿದ್ಯೆ ಎಲ್ಲ ಅವರಲ್ಲಿ ಇದ್ದಂತೆಯೇ ಇತ್ತು.

ಅವರು ಎಡಗೈಯಿಂದ ಕಿವಿಯ ಮುಚ್ಚಳ ಸರಿಸಿದರು. ನನ್ನ ಕಡೆ ತಿರುಗಲಿಲ್ಲ.

"ಖಲಾಸ್," ಎಂದರು. "ಪಿಸ್ತೂಲು ಸರಿಯಿದೆ ಅಂತ ಬರಿ."

ಆಗಲಿ ಎಂದೆ. ಆದರೆ ಇಬ್ಬರೂ ಹಾಗೇ ನಿಂತಿದ್ದೆವು. ಕೈ ತೆಗಿ ಎಂದು ಅವರು ಹೇಳಲಿಲ್ಲ, ನಾನೂ ಬಿಡಲಿಲ್ಲ. ಬಿಟ್ಟ ತಕ್ಷಣ ಅದು ನಡುಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು.